ನೀವೇ ಆರಿಸಿ ಭಾವ

ಆ ಕಚೇರಿಯಲ್ಲಿ ಎಲ್ಲರೂ ಅವರನ್ನು ಭಾವ ಅಂತಲೇ ಕರೆಯುತ್ತಿದ್ದರು. ನಿಜವಾಗಿ ಅವರು ಭಾವನಾಗಬೇಕಾದದ್ದು ಒಬ್ಬನಿಗೆ ಮಾತ್ರ, ಕಂಪನಿಯ ಮಾಲೀಕನಿಗೆ. ಅವನ ಅಕ್ಕನನ್ನು ಇವರು ಮದುವೆಯಾಗಿದ್ದರು. ಮಾಲೀಕ ಕರೆಯುವುದನ್ನು ಕೇಳಿ ಲೆಕ್ಕದವರು ಕರೆದರು, ಲೆಕ್ಕದವರನ್ನು ಕೇಳಿ ಕಂಪ್ಯೂಟರ್ ಕೋಡು ಬರೆಯುವವರು ಕರೆದರು, ಕೊನೆಗೆ ಲಿಫ್ಟಿನ ಬಳಿ ಕೂರುವ ಕಾವಲುಗಾರನೂ ಅದನ್ನೇ ಹಿಡಿದುಕೊಂಡ. ಹೊಸದಾಗಿ ಸೇರಿದ ಒಬ್ಬಳು ಅದನ್ನು ಹುದ್ದೆಯ ಹೆಸರೆಂದು ತಿಳಿದು, "ನಮ್ಮಲ್ಲಿ ಒಟ್ಟು ಎಷ್ಟು ಜನ ಭಾವ ಇದ್ದಾರೆ?" ಎಂದು ಕೇಳಿ ಎಲ್ಲರನ್ನೂ ನಗಿಸಿದ್ದಳು. ಭಾವನೂ ನಕ್ಕಿದ್ದರು. ಎಲ್ಲರಿಗೂ ಭಾವನಾಗುವುದು ಅವರಿಗೆ ಬೇಸರದ ಸಂಗತಿಯೇನಾಗಿರಲಿಲ್ಲ. ಕರೆಯುವವರಿಗೆ ತನ್ನಿಂದ ಏನೋ ಬೇಕಾಗಿದೆ, ಬೇಕಾಗಿರುವ ತನಕ ತನ್ನ ಕುರ್ಚಿ ಭದ್ರ ಎಂದು ನಂಬಿದ್ದರು. ಇಂಥ ನಂಬಿಕೆ ಕೆಲಸಗಾರರ ತಲೆಯೊಳಗೆ ಯಾವ ಬಾಗಿಲಿಂದ ಹೊಗುತ್ತದೋ ಗೊತ್ತಿಲ್ಲ.

ಕಂಪನಿ ಮಾಡುತ್ತಿದ್ದದ್ದು ಲಾಂಡ್ರಿಗಳಿಗೆ ಬೇಕಾದ ಸಾಫ್ಟ್‌ವೇರು. ಯಾರ ಅಂಗಿ ಯಾವ ಗಂಟಿನಲ್ಲಿದೆ, ಯಾವ ಕೋಟಿನ ಗುಂಡಿ ಬರುವಾಗಲೇ ಕಿತ್ತುಹೋಗಿತ್ತು, ಯಾರ ಮನೆಯ ಕಿಟಕಿ ಪರದೆ ಯಾವತ್ತು ಕೊಡಬೇಕು, ಎಲ್ಲ ಅದರಲ್ಲಿ ಸಿಗುತ್ತಿತ್ತು. ಲಾಂಡ್ರಿಯವರು ಕೊಳ್ಳುವ ಮುಂಚೆ ನೋಡುವುದು ಕಂಪನಿಯ ವೆಬ್‌ಸೈಟು; ಕೊಂಡ ಮೇಲೆ ಏನಾದರೂ ಕೈಕೊಟ್ಟರೆ ಓಡಿಬರುವುದೂ ಅಲ್ಲಿಗೇ. ಆ ವೆಬ್‌ಸೈಟು ಮೊದಲಿಂದ ಕೊನೆಯವರೆಗೆ ಭಾವನ ಕೈಕೆಲಸ.

ಭಾವ ಅದಕ್ಕೂ ಮೊದಲು ಅಂಗಡಿ ಬೋರ್ಡು ಬರೆಯುತ್ತಿದ್ದವರು. ತಗಡಿಗೆ ಬಿಳಿ ಬಣ್ಣ ಬಳಿದು, ದಾರಕ್ಕೆ ಸೀಮೆಸುಣ್ಣ ಸವರಿ ಗೆರೆ ಹೊಡೆದು, ಕುಂಚದಲ್ಲಿ ಒಂದೊಂದೇ ಅಕ್ಷರ ಕೂರಿಸುತ್ತಿದ್ದರು. ಎರಡು ಅಕ್ಷರಗಳ ನಡುವೆ ಎಷ್ಟು ಜಾಗ ಬಿಡಬೇಕೆಂದು ಏಣಿ ಇಳಿದು, ರಸ್ತೆಯ ಆಚೆ ಬದಿಗೆ ಹೋಗಿ, ಕಣ್ಣು ಕಿರಿದು ಮಾಡಿ ನೋಡಿ, ಮತ್ತೆ ಏಣಿ ಹತ್ತುವುದು ಅವರ ಪದ್ಧತಿ. ಆಮೇಲೆ ಪ್ಲಾಸ್ಟಿಕ್ ಹಾಳೆಯ ಮೇಲೆ ಬೋರ್ಡು ಅಚ್ಚು ಹಾಕುವ ಯಂತ್ರ ಬಂತು. ಭಾವ ವಾರವಿಡೀ ಬರೆಯುತ್ತಿದ್ದ ಬೋರ್ಡನ್ನು ಅದು ಗಿರಾಕಿ ಎದುರಿಗೆ ನಿಂತಿರುವಾಗಲೇ ಉಗುಳಿಬಿಡುತ್ತಿತ್ತು. ಕೆಲಸ ನಿಂತುಹೋಯಿತು. ಭಾವ ಮನೆಯ ಮುಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತುಬಿಟ್ಟರು. ಹೆಂಡತಿ ಕರೆದರೆ ಊಟಕ್ಕೆ ಏಳುವರು, ಕರೆಯದಿದ್ದರೆ ಇಲ್ಲ. ಒಂದು ಚಳಿಗಾಲವೆಲ್ಲ ಹಾಗೇ ಕಳೆಯಿತು.

ಆ ಕೋಣೆಗೇ ಭಾಮೈದ, ಮುಂದೆ ಮಾಲೀಕನಾದವನು, ಬಂದಿಳಿದ. ಓದು ಮುಗಿದಿತ್ತು, ತಲೆ ತುಂಬ ಲಾಂಡ್ರಿ ಸಾಫ್ಟ್‌ವೇರಿನ ಯೋಚನೆಯಿತ್ತು, ಕೂತು ಕೆಲಸ ಮಾಡಲು ಜಾಗ ಮಾತ್ರ ಇರಲಿಲ್ಲ. ಅಕ್ಕ ಮುಂದಿನ ಕೋಣೆ ಬಿಟ್ಟುಕೊಟ್ಟಳು. ಬಣ್ಣದ ಡಬ್ಬಿಗಳು ಮಂಚದ ಕೆಳಗೆ ಹೋದವು. ಏಣಿಯನ್ನು ಎರಡು ಪೆಟ್ಟಿಗೆಗಳ ಮೇಲೆ ಅಡ್ಡ ಮಲಗಿಸಿ, ಅದರ ಮೇಲೆ ಹಲಗೆ ಹಾಸಿ ಮೇಜು ಮಾಡಿಕೊಂಡರು. ಒಂದು ದಿನ ಭಾಮೈದ ಕಂಪ್ಯೂಟರಿನ ಪರದೆಯನ್ನು ಗೋಡೆಯ ಕಡೆ ಕೂತವರತ್ತ ತಿರುಗಿಸಿ, "ಭಾವ, ಇದೂ ಬೋರ್ಡೇ. ಅಂಗಡಿ ಮೇಲೆ ಹಾಕಲ್ಲ ಅಷ್ಟೆ. ನೀವೇ ಬರೀರಿ," ಅಂದ. ಆ ಒಂದು ಮಾತಿಗೆ ಭಾವ ಗೋಡೆ ಬಿಟ್ಟು ಈ ಕಡೆ ತಿರುಗಿದರು. ಆ ಹುಡುಗನಿಂದ ಅಷ್ಟು ಉಪಕಾರ ಆಗಿತ್ತು, ಅದನ್ನು ಮರೆಮಾಚುವಂತಿಲ್ಲ.

ಕಲಿತ ಮೇಲೆ ವೆಬ್‌ಸೈಟನ್ನೂ ಅವರು ಬೋರ್ಡಿನ ಹಾಗೇ ಬರೆದರು. ಒಂದೊಂದು ಪುಟದ ಕೋಡನ್ನೂ ಕೈಯಾರೆ ಟೈಪ್ ಮಾಡಿ, ಪರದೆಯಿಂದ ಹಿಂದೆ ಹಿಂದೆ ಸರಿದು, ಬಾಗಿಲ ಬಳಿ ನಿಂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಕಂಪನಿ ಆ ಕೋಣೆಯಿಂದ ಬಾಡಿಗೆ ಮಹಡಿಗೆ, ಅಲ್ಲಿಂದ ಗಾಜಿನ ಕಟ್ಟಡದ ಎರಡು ಅಂತಸ್ತಿಗೆ ಹೋದ ಮೇಲೂ ಈ ಅಭ್ಯಾಸ ತಪ್ಪಲಿಲ್ಲ. ಭಾವ ಬೆನ್ನು ಮುಂದೆ ಮಾಡಿಕೊಂಡು ನಡೆದು ಬರುವುದು ಕಂಡರೆ ಕೋಡು ಬರೆಯುವವರು ಕುರ್ಚಿ ಸರಿಸಿ ದಾರಿ ಬಿಡುತ್ತಿದ್ದರು.

ಇದರಿಂದ ಕಂಪನಿಗೆ ತೊಂದರೆಯೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಫೋನ್ ನಂಬರು ಬದಲಾಗಬೇಕೇ, ಭಾವನಿಗೆ ಹೇಳಿ. ನಾಳೆ ರಜೆ ಎಂದು ಹಾಕಬೇಕೇ, ಭಾವನಿಗೆ ಹೇಳಿ. ಭಾವ ಜ್ವರ ಬಂದು ಮಲಗಿದಾಗ ಮುಗಿದುಹೋದ ರಿಯಾಯಿತಿ ಹಾಗೇ ಉಳಿದು, ಒಬ್ಬ ಲಾಂಡ್ರಿ ಮಾಲೀಕ ಅದನ್ನೇ ಹಿಡಿದುಕೊಂಡು ಜಗಳಕ್ಕೆ ಬಂದಿದ್ದ. ಪ್ರಚಾರ ವಿಭಾಗಕ್ಕೆ ಹೊಸದಾಗಿ ಬಂದ ಮೇಡಂ ಇದನ್ನೆಲ್ಲ ನೋಡಿ ಹುಬ್ಬು ಗಂಟಿಕ್ಕಿದರು.

"ಒಂದು ಸಾಲು ಬದಲಾಯಿಸೋಕೆ ಎರಡು ದಿನಾನಾ ಭಾವ?"

"ಬದಲಾಯಿಸೋಕೆ ಎರಡು ನಿಮಿಷ ಸಾಕು ಮೇಡಂ. ಅದು ಸರಿಯಾಗಿ ಕೂತಿದ್ಯಾ ಅಂತ ನೋಡೋಕೆ ಎರಡು ದಿನ."

ಮೇಡಂ ನಕ್ಕು ತಮ್ಮ ಜಾಗಕ್ಕೆ ಹೋದರು. ತಾನೇ ಗೆದ್ದೆ ಎಂದುಕೊಂಡರು ಭಾವ.

ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಭಾಮೈದ ಅವರನ್ನು ತನ್ನ ಕೋಣೆಗೆ ಕರೆದ. ನಾಲ್ಕೂ ಕಡೆ ಗಾಜು ಹಾಕಿದ ಕೋಣೆ. ಒಳಗೆ ಯಾರು ಯಾರ ಮುಂದೆ ಕೂತಿದ್ದಾರೆ ಎಂದು ಇಡೀ ಕಚೇರಿಗೆ ಕಾಣುತ್ತದೆ, ಏನು ಮಾತಾಡುತ್ತಿದ್ದಾರೆ ಎಂದು ಮಾತ್ರ ಕೇಳುವುದಿಲ್ಲ. ಅಂಥ ಕೋಣೆ ಕಟ್ಟಿಸಿಕೊಂಡವರು ಅದಕ್ಕೆ ಪಾರದರ್ಶಕತೆ ಎಂದು ಹೆಸರಿಟ್ಟಿರುತ್ತಾರೆ.

"ಕೂತ್ಕೊಳಿ ಭಾವ. ಟೀ ಹೇಳ್ಲಾ?"

"ಹೇಳು. ಏನಪ್ಪಾ ವಿಷಯ?"

"ನಮ್ಮ ಸೈಟು ಇನ್ನು ಹೀಗೆ ನಡೆಯಲ್ಲ ಭಾವ. ಕಂಪನಿ ಬೆಳೀತಿದೆ. ಬೇರೆ ಬೇರೆ ದೇಶದ ಲಾಂಡ್ರಿಯವರು ಬರ್ತಿದ್ದಾರೆ, ಅವರವರ ಭಾಷೇಲಿ ಪುಟ ಕೇಳ್ತಾರೆ. ದಿನಾ ಏನಾದ್ರೂ ಹೊಸದು ಹಾಕ್ತಾ ಇರ್ಬೇಕು. ಯಾವುದಾದ್ರೂ ಒಳ್ಳೇ ಪ್ಲಾಟ್‌ಫಾರ್ಮಿಗೆ ಹೋಗ್ಲೇಬೇಕು."

ಭಾವ ಬಂದ ಟೀ ಕೈಗೆತ್ತಿಕೊಂಡರು. ಕಪ್ಪಿನ ಅಂಚನ್ನು ಹೆಬ್ಬೆರಳಿನಿಂದ ಒರೆಸಿದರು.

"ಯಾವುದಕ್ಕೆ ಹೋಗೋದು ಅಂತ ನೀವೇ ಆರಿಸಿ ಭಾವ. ಸೈಟು ನಿಮ್ಮದು. ಎಲ್ಲಾ ನೋಡಿ, ಪರೀಕ್ಷೆ ಮಾಡಿ, ಮೀಟಿಂಗಲ್ಲಿ ಹೇಳಿ. ನೀವು ಹೇಳಿದ್ದೇ ಕೊನೆ."

ಸೈಟು ನಿಮ್ಮದು ಎಂದು ಅವನ ಬಾಯಿಂದ ಕೇಳಿ ಎಷ್ಟು ವರ್ಷವಾಗಿತ್ತೋ. ಗಾಜಿನ ಆಚೆ ಕಾಣುತ್ತಿದ್ದ ಮೇಡಂ, ಹುಡುಗರು, ಪ್ರಿಂಟರಿನ ಬಳಿ ನಿಂತವರು, ಎಲ್ಲರಿಗೂ ಈ ಮಾತು ಕೇಳಿಸಬಾರದಿತ್ತೇ ಎಂದು ಆಸೆಯಾಯಿತು. ಹೊರಗೆ ಬರುವಾಗ ಅವರ ನಡಿಗೆಯೇ ಬೇರೆಯಾಗಿತ್ತು.

ಕೆಲಸ ಕೊಟ್ಟರೆ ಭಾವ ಮೈಗಳ್ಳತನ ಮಾಡುವವರಲ್ಲ. ಯಾರೋ ಕಟ್ಟಿಟ್ಟ ಚೌಕಟ್ಟಿನೊಳಗೆ ನಮ್ಮ ಮಾತು, ನಮ್ಮ ಚಿತ್ರ ತುಂಬಿಕೊಳ್ಳುವಂತಿದ್ದರೆ ಆ ಚೌಕಟ್ಟಿಗೆ ಪ್ಲಾಟ್‌ಫಾರ್ಮ್ ಎನ್ನುತ್ತಾರೆ. ಅಂಥವು ಸಂತೆಯಲ್ಲಿ ಸಾಮಾನಿನ ಹಾಗೆ ರಾಶಿ ಬಿದ್ದಿವೆ. ಅವನ್ನೆಲ್ಲ ಜರಡಿ ಹಿಡಿದು ಭಾವ ಮೂರನ್ನು ಉಳಿಸಿಕೊಂಡರು, ಮೂರಕ್ಕೂ ತಮ್ಮದೇ ಹೆಸರಿಟ್ಟರು. ಮೊದಲನೆಯದು ಸ್ವಂತ ಮನೆ: ನಮ್ಮದೇ ಸರ್ವರಿನ ಮೇಲೆ ಇಟ್ಟುಕೊಳ್ಳಬಹುದು, ಬೇಕಾದ ಗೋಡೆ ಒಡೆಯಬಹುದು, ಆದರೆ ಎಲ್ಲಿ ಸೋರಿದರೂ ನಾವೇ ಏಣಿ ಹತ್ತಬೇಕು, ಅದಕ್ಕೊಬ್ಬ ಆಳು ಸದಾ ಇರಲೇಬೇಕು. ಎರಡನೆಯದು ದೊಡ್ಡ ಅಡುಗೆಮನೆ: ಪುಟಗಳನ್ನು ಮಾಡುವ ಜಾಗವೇ ಬೇರೆ, ನೋಡುವವರಿಗೆ ಬಡಿಸುವ ಜಾಗವೇ ಬೇರೆ, ನಾಲ್ಕು ಜನ ಕೋಡು ಬರೆಯುವವರು ಅದಕ್ಕೇ ಮೀಸಲಾಗಬೇಕು. ಮೂರನೆಯದು ಹೋಟೆಲ್ ರೂಮು. ಹಾಸಿಗೆ, ದೀಪ, ಬಿಸಿನೀರು ಎಲ್ಲ ಸಿದ್ಧ. ಗೋಡೆಗೊಂದು ಮೊಳೆ ಹೊಡೆಯಲೂ ಬಿಡುವುದಿಲ್ಲ, ಆದರೆ ಬೀಗದ ಕೈ ಇರುವ ಯಾರು ಬೇಕಾದರೂ ಹೋಗಿ ಇದ್ದುಬಿಡಬಹುದು.

ಮೊದಲ ದಿನವೇ ಭಾವನಿಗೆ ಒಂದು ಸಂಗತಿ ಸ್ಪಷ್ಟವಾಗಿತ್ತು. ಸ್ವಂತ ಮನೆ ಆರಿಸಿದರೆ ಏಣಿ ಹತ್ತುವ ಆಳು ತಾನೇ. ನಿವೃತ್ತಿಯವರೆಗೆ ಕುರ್ಚಿ ಅಲ್ಲಾಡುವುದಿಲ್ಲ. ಹೋಟೆಲ್ ರೂಮು ಆರಿಸಿದರೆ ಆ ಕುರ್ಚಿಯ ಕೆಲಸವೇ ಇರುವುದಿಲ್ಲ. ಕಣ್ಣು ಮುಚ್ಚಿಕೊಂಡು ಸ್ವಂತ ಮನೆ ಎಂದು ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆರಿಸುವ ಅಧಿಕಾರ ಕೈಗೆ ಬಂದವನು ಆ ಕೈಯನ್ನು ತೊಳೆದಿಟ್ಟುಕೊಳ್ಳಬೇಕು ಎನ್ನುವ ಜಾತಿಯವರು ಅವರು. ನ್ಯಾಯವಾಗಿ ನೋಡುತ್ತೇನೆ ಎಂದು ನಿರ್ಧರಿಸಿದರು.

ಮೂರರಲ್ಲೂ ಪ್ರಯೋಗಕ್ಕೆಂದು ಕಂಪನಿಯ ಹೆಸರಿನಲ್ಲಿ ಒಂದೊಂದು ಖಾತೆ ತೆರೆಯಲು ಹೋದರು. ಎರಡು ತೆರೆದುಕೊಂಡವು. ಹೋಟೆಲ್ ರೂಮು ಮಾತ್ರ, ಈ ಹೆಸರು ಆಗಲೇ ಬಳಕೆಯಲ್ಲಿದೆ, ಬೇರೆ ಹೆಸರು ಕೊಡಿ ಎಂದಿತು. ಭಾವನಿಗೆ ಮೈ ಉರಿದುಹೋಯಿತು. ಯಾರೋ ಖದೀಮರು ನಮ್ಮ ಹೆಸರನ್ನು ಕದ್ದು ಕೂತಿದ್ದಾರೆ ಎಂದುಕೊಂಡರು. ಕಂಪನಿ ಬೆಳೆದರೆ ಇವೆಲ್ಲ ಇದ್ದದ್ದೇ ಎಂದು ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಆಯಿತು. ಆ ಪ್ಲಾಟ್‌ಫಾರ್ಮಿನ ಸಹಾಯ ವಿಭಾಗಕ್ಕೆ ಖಾರವಾಗಿ ಒಂದು ದೂರು ಬರೆದರು: ಈ ಹೆಸರು ನಮ್ಮದು, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇಟ್ಟ ಹೆಸರು, ಅದನ್ನು ಬಳಸುತ್ತಿರುವವರನ್ನು ತಕ್ಷಣ ಹೊರಗೆ ಹಾಕಿ. ಉತ್ತರ ಬರುವವರೆಗೆ ಕೆಲಸ ನಿಲ್ಲಿಸುವುದು ಬೇಡವೆಂದು ಕಂಪನಿಯ ಹೆಸರಿನ ಮುಂದೆ 'ಅಸಲಿ' ಎಂದು ಸೇರಿಸಿ ಖಾತೆ ತೆರೆದರು. ಪರದೆಯ ಮೇಲೆ ಅದನ್ನು ಕಂಡವರು ಮೀಸೆ ಮರೆಯಲ್ಲಿ ನಕ್ಕರು. ಭಾವ ತಲೆ ಕೆಡಿಸಿಕೊಳ್ಳಲಿಲ್ಲ.

ಪರೀಕ್ಷೆಗೆ ಅವರು ಕರೆದದ್ದು ಮುಂಬಾಗಿಲಲ್ಲಿ ಫೋನ್ ಎತ್ತುವ ಹುಡುಗಿಯನ್ನು. ಆಕೆಗೆ ವೆಬ್‌ಸೈಟಿನ ಗಂಧಗಾಳಿ ಇರಲಿಲ್ಲ. "ನೋಡು ತಾಯಿ, ಈ ಮೂರರಲ್ಲೂ ನಾಳೆ ಕಚೇರಿಗೆ ರಜೆ ಅಂತ ಒಂದು ಸಾಲು ಹಾಕು. ನಾನು ಏನೂ ಹೇಳ್ಕೊಡಲ್ಲ," ಎಂದು ಪಕ್ಕದಲ್ಲಿ ಕೂತರು. ಸ್ವಂತ ಮನೆಯಲ್ಲಿ ಆಕೆ ದಾರಿ ತಪ್ಪಿ, ಮುಖಪುಟದ ಚಿತ್ರವನ್ನೇ ಅಳಿಸಿ ನಾಲಿಗೆ ಕಚ್ಚಿಕೊಂಡಳು. ದೊಡ್ಡ ಅಡುಗೆಮನೆಯನ್ನು ನೋಡಿ ಕೈಯೇ ಮುಂದೆ ಮಾಡಲಿಲ್ಲ. ಹೋಟೆಲ್ ರೂಮಿನಲ್ಲಿ ಸಾಲಿನ ಮೇಲೆ ಒತ್ತಿದಳು, ಬರೆದಳು, ಉಳಿಸಿದಳು. ಭಾವನ ಕಪ್ಪಿನ ಟೀ ಇನ್ನೂ ಬಿಸಿಯಾಗಿಯೇ ಇತ್ತು.

"ಇಷ್ಟೇನಾ ಭಾವ?" ಎಂದು ಕೇಳಿದಳು ಆಕೆ. "ಇದಕ್ಕಾ ನಾವು ನಿಮ್ಮ ಹಿಂದೆ ಹಿಂದೆ ಅಲೀತಿದ್ದಿದ್ದು?"

ಆಕೆಯ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ, ಅದಕ್ಕೇ ಅದು ಹೆಚ್ಚು ನಾಟಿತು. ಭಾವ ಎದ್ದು, ಅಭ್ಯಾಸದಂತೆ ಬಾಗಿಲವರೆಗೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದರು. ಅಕ್ಷರಗಳು ಸರಿಯಾಗಿ ಕೂತಿದ್ದವು. ಎಲ್ಲೂ ಒಂದು ಕೂದಲೆಳೆಯಷ್ಟು ಓರೆ ಇರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅನ್ನಿಸಿದ್ದಕ್ಕೆ ಅವರಿಗೆ ನಾಚಿಕೆಯಾಯಿತು.

ಅವತ್ತು ಸಂಜೆ ಮನೆಗೆ ಬಂದವರ ಮುಖ ಹುಳ್ಳಗಿತ್ತು. ಹೆಂಡತಿ ಅಡುಗೆಮನೆಯಿಂದ ಎಂದಿನಂತೆ ಕೇಳಿದರು, "ಬಂದ್ರಾ? ರಾತ್ರಿಗೆ ಏನು ಮಾಡ್ಲಿ? ನೀವೇ ಹೇಳಿ." ಮದುವೆಯಾದಾಗಿನಿಂದ ಆಕೆ ದಿನವೂ ಕೇಳುವ ಪ್ರಶ್ನೆ ಅದು. ಮನೆಯಲ್ಲಿ ತನ್ನ ಮಾತು ನಡೆಯುತ್ತದೆ ಎನ್ನುವುದಕ್ಕೆ ಭಾವನ ಬಳಿ ಇದ್ದ ದೊಡ್ಡ ಪುರಾವೆಯೂ ಅದೇ. "ತರಕಾರಿ ಬೇಯಿಸು ಸಾಕು," ಎಂದು ಹೇಳಿ ಕುರ್ಚಿಯಲ್ಲಿ ಕುಸಿದರು. ತರಕಾರಿ ಬಹಳ ಬೇಗ ತಟ್ಟೆಗೆ ಬಂತು. ಹೆಂಡತಿಯ ಕೈ ಚುರುಕು ಎಂದು ಅವರು ಯಾವಾಗಲೂ ಮೆಚ್ಚುತ್ತಿದ್ದರು.

ಊಟ ಮಾಡುತ್ತ ಎಲ್ಲ ಹೇಳಿದರು. ಹೋಟೆಲ್ ರೂಮೇ ಕಂಪನಿಗೆ ಸರಿ, ಅದನ್ನು ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಹೇಳದಿದ್ದರೆ ನನ್ನ ಮುಖ ನಾನೇ ನೋಡಿಕೊಳ್ಳುವಂತಿಲ್ಲ ಎಂದರು. ಹೆಂಡತಿ ತಟ್ಟೆ ನೋಡುತ್ತ ಕೇಳಿಸಿಕೊಂಡರು.

"ಯಾವುದು ಸರಿಯೋ ಅದನ್ನೇ ಹೇಳ್ರೀ. ನನ್ನ ತಮ್ಮ ನಿಮ್ಮ ಕೈ ಬಿಡ್ತಾನಾ?"

"ಬಿಡಲ್ಲ ಅಲ್ವಾ?"

"ಊಟ ಮಾಡಿ, ಆರ್ತಿದೆ."

ಆಕೆ ಪ್ರಶ್ನೆಗೆ ಉತ್ತರ ಕೊಟ್ಟಿರಲಿಲ್ಲ. ಭಾವ ಅದನ್ನು ಉತ್ತರ ಎಂದೇ ತೆಗೆದುಕೊಂಡರು. ಅವರ ಯೋಚನೆ ಸರಳವಾಗಿತ್ತು: ತನ್ನ ಕುರ್ಚಿಯನ್ನು ತಾನೇ ಪಣಕ್ಕಿಟ್ಟು ಕಂಪನಿಯ ಒಳ್ಳೆಯದು ನೋಡಿದವನನ್ನು ಭಾಮೈದ ಬರಿಗೈಲಿ ಕಳಿಸುವುದುಂಟೇ? ಅಂಥವನನ್ನು ಉಳಿಸಿಕೊಳ್ಳಲು ಇನ್ನೂ ಗಟ್ಟಿಯಾದ ಕಾರಣ ಸಿಕ್ಕಿತಲ್ಲ. ಪ್ರಾಮಾಣಿಕತೆಯನ್ನು ಎಲ್ಲೋ ಯಾರೋ ಬರೆದಿಟ್ಟುಕೊಳ್ಳುತ್ತಿರುತ್ತಾರೆ ಎಂದು ಕೊನೆಯವರೆಗೂ ನಂಬುವವರಿದ್ದಾರೆ.

ಮೀಟಿಂಗಿನ ದಿನ ಬೆಳಿಗ್ಗೆ ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೇಗ ಬಂದರು. ಕಂಪ್ಯೂಟರ್ ತೆರೆದರೆ ದೂರಿಗೆ ಉತ್ತರ ಬಂದಿತ್ತು. ಬಹಳ ವಿನಯದ ಉತ್ತರ. ನೀವು ಹೇಳಿದ ಖಾತೆಯನ್ನು ಯಾರೂ ಕದ್ದಿಲ್ಲ. ಅದು ನಿಮ್ಮದೇ ಕಂಪನಿಯ ವಿಳಾಸದಿಂದ ಕಳೆದ ಚಳಿಗಾಲದಲ್ಲಿ ತೆರೆದ ಖಾತೆ. ನಿಮ್ಮ ಕೋರಿಕೆಯನ್ನು ಅಲ್ಲಿಗೆ ಕಳಿಸಿದ್ದೆವು, ನಿಮ್ಮನ್ನೂ ಸದಸ್ಯರಾಗಿ ಸೇರಿಸಿಕೊಂಡಿದ್ದಾರೆ. ಒಳಗೆ ಹೋಗಲು ಇಲ್ಲಿ ಒತ್ತಿ. ಪ್ರಚಾರ ವಿಭಾಗದಲ್ಲಿ ಬಂದ ಕೋರಿಕೆಗೆಲ್ಲ ಕಣ್ಣು ಮುಚ್ಚಿ ಹೂಂ ಒತ್ತುವವರು ಯಾರೋ ಇದಕ್ಕೂ ಒತ್ತಿಬಿಟ್ಟಿದ್ದರು.

ಭಾವ ಒಳಗೆ ಹೋದರು. ಅಲ್ಲಿ ಕಂಪನಿಯ ಹೊಸ ವೆಬ್‌ಸೈಟು ಪೂರ್ತಿ ತಯಾರಾಗಿ ಕೂತಿತ್ತು. ಮೂರು ಭಾಷೆಯಲ್ಲಿತ್ತು. ಅವರು ಬರೆದ ಸಹಾಯದ ಪುಟಗಳೆಲ್ಲ ಒಂದೂ ಬಿಡದೆ ಅಲ್ಲಿಗೆ ಬಂದಿದ್ದವು. ಪುಟಗಳ ಪಕ್ಕದಲ್ಲಿದ್ದ ಹೆಸರು, ತಾರೀಕುಗಳ ಪ್ರಕಾರ ಮೇಡಂ, ಭಾಮೈದ, ಇನ್ನೂ ಕೆಲವರು ಅದರ ಮೇಲೆ ಚಳಿಗಾಲದಿಂದ ಕೆಲಸ ಮಾಡಿದ್ದರು. ಭಾವನಿಗೆ ನೀವೇ ಆರಿಸಿ ಎಂದು ಹೇಳಿದ್ದು ಬೇಸಿಗೆಯಲ್ಲಿ. ನಮ್ಮ ಕಥೆ ಎನ್ನುವ ಪುಟವನ್ನು ತೆರೆದರು. ಭಾಮೈದ ಕೈ ಕಟ್ಟಿ ನಿಂತ ಚಿತ್ರ, ಅದರ ಕೆಳಗೆ ಮೊದಲ ಸಾಲು: ನಮ್ಮ ಕಂಪನಿ ಶುರುವಾದದ್ದು ಒಂದು ಪುಟ್ಟ ಗ್ಯಾರೇಜಿನಲ್ಲಿ.

ಭಾವ ಆ ಸಾಲನ್ನು ಎರಡು ಸಲ ಓದಿದರು. ಅವರ ಮನೆಯಲ್ಲಿ ಗ್ಯಾರೇಜು ಇರಲಿಲ್ಲ. ಅವರ ಬಳಿ ಕಾರೂ ಇರಲಿಲ್ಲ. ಇದ್ದದ್ದು ಒಂದು ಮುಂದಿನ ಕೋಣೆ, ಒಂದು ಏಣಿ, ಮಂಚದ ಕೆಳಗೆ ಬಣ್ಣದ ಡಬ್ಬಿಗಳು. ಕೆಲಸ ಹೋಗುತ್ತದೆ ಎಂದು ಗೊತ್ತಾದಾಗ ಆಗದ ಸಂಕಟ ಆ ಗ್ಯಾರೇಜನ್ನು ಕಂಡು ಆಯಿತು. ತನ್ನನ್ನು ತೆಗೆಯುವುದು ಒಂದು. ತನ್ನ ಮನೆಯ ಕೋಣೆಯನ್ನೂ ಕಿತ್ತು ಹಾಕಿ, ಇಲ್ಲದ ಕೋಣೆಯೊಂದನ್ನು ಕಟ್ಟಿ ನಿಲ್ಲಿಸುವುದು ಇನ್ನೊಂದು.

ಮೀಟಿಂಗಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಎದ್ದು ನಿಂತು ಸ್ವಂತ ಮನೆಯೇ ಸರಿ ಎಂದು ಹೇಳಿ, ಭಾಮೈದ, ಮೇಡಂ ಇಬ್ಬರೂ ಮುಚ್ಚಿಟ್ಟಿದ್ದನ್ನೆಲ್ಲ ಅವರ ಬಾಯಿಂದಲೇ ಹೊರಗೆ ಎಳೆಯುವ ಆಸೆ ಭಾವನಿಗೆ ಆಗಲಿಲ್ಲವೆಂದಲ್ಲ. ನೀವು ಹೇಳಿದ್ದೇ ಕೊನೆ ಅಂದವನು ಆಗ ಏನು ಮಾಡುತ್ತಾನೋ ನೋಡೋಣ ಎಂದು ಮನಸ್ಸು ಕುದಿಯಿತು. ಆದರೆ ಸ್ವಂತ ಮನೆ ಸರಿಯಲ್ಲ. ಸರಿಯಲ್ಲದ್ದನ್ನು ಸಿಟ್ಟಿಗೂ ಬರೆಯಲು ಅವರ ಕೈ ಬರಲಿಲ್ಲ. ಅದು ಒಳ್ಳೆಯತನವೋ ಹೆಡ್ಡತನವೋ ಅವರಿಗೇ ಬಗೆಹರಿಯಲಿಲ್ಲ. ಎದ್ದು ಮೀಟಿಂಗಿಗೆ ಹೋದರು.

ಭಾವ ತಾವು ನೋಡಿದ್ದನ್ನೆಲ್ಲ ನಿಧಾನವಾಗಿ ಹೇಳಿದರು. ಮುಂಬಾಗಿಲ ಹುಡುಗಿ ಬರೆದ ರಜೆಯ ಸಾಲನ್ನು ಪರದೆಯ ಮೇಲೆ ತೋರಿಸಿದರು. ಮೇಲೆ 'ಅಸಲಿ' ಎಂದು ದೊಡ್ಡದಾಗಿ ಕಾಣುತ್ತಿತ್ತು, ಈ ಸಲ ಯಾರೂ ನಗಲಿಲ್ಲ. ಹೋಟೆಲ್ ರೂಮನ್ನೇ ತೆಗೆದುಕೊಳ್ಳುವುದು ಒಳ್ಳೆಯದು, ಇದರಲ್ಲಿ ಯಾರು ಬೇಕಾದರೂ ಪುಟ ಬದಲಾಯಿಸಬಹುದು, ಇದಕ್ಕೆಂದೇ ಒಬ್ಬ ಆಳು ಬೇಕಾಗಿಲ್ಲ ಎಂದು ಮುಗಿಸಿದರು. ಕೋಣೆಯಲ್ಲಿ ಎಲ್ಲರೂ ಉಸಿರು ಬಿಟ್ಟದ್ದು ಕೇಳಿಸಿತು. ಮೇಡಂ ಚಪ್ಪಾಳೆ ಶುರು ಮಾಡಿದರು, ಉಳಿದವರು ಸೇರಿಕೊಂಡರು.

"ಭಾವ ಹೇಳಿದ ಮೇಲೆ ಮುಗೀತು," ಅಂದ ಭಾಮೈದ. "ಇನ್ನು ಇದ್ರಲ್ಲಿ ಎರಡನೇ ಮಾತಿಲ್ಲ."

"ನಂದೊಂದು ಪ್ರಶ್ನೆ ಇತ್ತು," ಅಂದರು ಭಾವ.

"ಕೇಳಿ ಭಾವ."

"ನಮ್ಮ ಮನೇಲಿ ಗ್ಯಾರೇಜು ಎಲ್ಲಿತ್ತಪ್ಪಾ?"

ಭಾಮೈದನ ಮುಖದ ಬಣ್ಣ ಇಳಿಯಿತು. ಒಬ್ಬೊಬ್ಬರೂ ತಮ್ಮ ತಮ್ಮ ಮುಂದಿದ್ದ ನೀರಿನ ಬಾಟಲಿಯನ್ನು ಮೊದಲ ಸಲ ಕಂಡವರಂತೆ ನೋಡತೊಡಗಿದರು. ಮೇಡಂ ಒಬ್ಬರೇ ಧೈರ್ಯ ಮಾಡಿದರು. "ಅದು ಹಾಗೆ ಹೇಳೋದು ರೂಢಿ ಭಾವ. ಓದೋರಿಗೆ ಚೆನ್ನಾಗಿರುತ್ತೆ. ಮುಂದಿನ ಕೋಣೆ ಅಂದ್ರೆ ಅಷ್ಟು ಎದ್ದು ಕಾಣಲ್ಲ."

ಆಮೇಲೆ ಗಾಜಿನ ಕೋಣೆಯಲ್ಲಿ ಭಾಮೈದ ಬಾಗಿಲು ಹಾಕಿಕೊಂಡು ಬಂದು ಎದುರಿಗೆ ಕೂತ. ಟೀ ಹೇಳಲಿಲ್ಲ. ಕಣ್ಣಲ್ಲಿ ನೀರಿತ್ತು. ಆ ನೀರು ಸುಳ್ಳಿನದಲ್ಲ. ಆದರೆ ಅದರಿಂದ ಭಾವನಿಗೆ ಆಗಬೇಕಾದ್ದೇನೂ ಇರಲಿಲ್ಲ.

"ನೀವು ಇಲ್ಲೇ ಇರ್ತೀರಿ ಭಾವ, ಸಲಹೆಗಾರರಾಗಿ. ದಿನಾ ಬರ್ಬೇಕು ಅಂತಿಲ್ಲ. ಬೇಕಾದಾಗ ನಾವೇ ಕರೀತೀವಿ."

"ಕರೀತೀರಾ?"

"ಹಳೇ ಸೈಟು ಮುಚ್ಚೋಕಂತೂ ನೀವೇ ಬೇಕು. ಪಾಸ್‌ವರ್ಡ್ ನಿಮಗೆ ಮಾತ್ರ ಗೊತ್ತಿರೋದು."

"ಇಷ್ಟಕ್ಕೆ ಇಷ್ಟೆಲ್ಲ ನಾಟಕ ಯಾಕೆ ಬೇಕಿತ್ತು? 'ಭಾವ, ನಿಮ್ಮ ಕೆಲಸ ಮುಗೀತು, ಮನೇಲಿರಿ' ಅಂತ ನೇರ ಹೇಳಿದ್ರೆ ನಾನೇನು ನಿನ್ನ ಮೇಲೆ ಕೈ ಮಾಡ್ತಿದ್ನಾ?"

ಭಾಮೈದ ಮೇಜಿನ ಅಂಚನ್ನು ಉಗುರಿನಿಂದ ಕೆರೆದ. "ನಾನು ಹಾಗೇ ಹೇಳೋಣ ಅಂತಿದ್ದೆ ಭಾವ. ಅಕ್ಕನೇ ಬೇಡ ಅಂದ್ಲು. ಅವರೇ ಆರಿಸಿದ ಹಾಗೆ ಮಾಡು, ಇಲ್ದಿದ್ರೆ ತಡ್ಕೊಳಲ್ಲ ಅಂದ್ಲು. ಅಕ್ಕನ ಮಾತು ಮೀರೋಕೆ ಆಗ್ಲಿಲ್ಲ."

ಭಾವ ಎದ್ದು ಬಂದರು. ಲಿಫ್ಟಿನ ಬಳಿ ಕಾವಲುಗಾರ, "ಏನ್ ಭಾವ, ಇವತ್ತು ಬೇಗ?" ಎಂದ. "ಕೆಲಸ ಬೇಗ ಮುಗೀತು," ಅಂದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಅಂಗಡಿ ಬೋರ್ಡುಗಳನ್ನು ನೋಡಿದರು. ಎಲ್ಲ ಪ್ಲಾಸ್ಟಿಕ್ ಹಾಳೆಯವು, ಅಕ್ಷರಗಳ ನಡುವೆ ಜಾಗ ಹೇಗೆ ಬೇಕೋ ಹಾಗೆ ಬಿದ್ದಿತ್ತು, ಅಂಗಡಿಗಳು ತುಂಬಿ ತುಳುಕುತ್ತಿದ್ದವು.

ಮನೆಯ ಬಾಗಿಲು ತೆಗೆದ ಸದ್ದಿಗೆ ಅಡುಗೆಮನೆಯಿಂದ ದನಿ ಬಂತು. "ಬಂದ್ರಾ? ಚೆನ್ನಾಗಾಯ್ತಾ ಮೀಟಿಂಗು? ರಾತ್ರಿಗೆ ಏನು ಮಾಡ್ಲಿ? ನೀವೇ ಹೇಳಿ."

ಭಾವ ಚಪ್ಪಲಿ ಬಿಟ್ಟು, ಎಂದೂ ಕಾಲಿಡದ ಅಡುಗೆಮನೆಗೆ ನೇರವಾಗಿ ಹೋದರು. ಒಲೆಯ ಮೇಲೆ ಪಾತ್ರೆಯಿತ್ತು. ಮುಚ್ಚಳ ತೆಗೆದರು. ತರಕಾರಿ ಬೆಂದು ಮೆತ್ತಗಾಗಿತ್ತು.

"ಇದು?"

ಹೆಂಡತಿ ಸೌಟು ಹಿಡಿದುಕೊಂಡು ನಿಂತರು. "ಅದು ಆಗ್ಲೇ ಇಟ್ಟಿದ್ದೆ. ಹೇಗಿದ್ರೂ ನೀವು ಅದನ್ನೇ ಹೇಳ್ತಿದ್ರಿ."

"ನಾನು ಮೊಟ್ಟೆ ಮಾಡು ಅಂದಿದ್ರೆ?"

"ಬೆಳಿಗ್ಗೆನೇ ಹೇಳಿರ್ತೀನಲ್ಲ, ತರಕಾರಿ ತುಂಬಾ ತಾಜಾ ಇತ್ತು, ತಂದೆ ಅಂತ. ಆಮೇಲೆ ನೀವು ಬೇರೆ ಏನೂ ಹೇಳಲ್ಲ."

ಭಾವ ಮುಚ್ಚಳ ಹಿಡಿದುಕೊಂಡೇ ನಿಂತಿದ್ದರು. ಅದರಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಎಷ್ಟು ವರ್ಷದ ಸಂಜೆಗಳು ಅವರ ಕಣ್ಣ ಮುಂದೆ ಬಂದವೋ ಅವರೇ ಬಲ್ಲರು.

"ನಿನ್ನ ತಮ್ಮ ಎಲ್ಲಾ ಹೇಳಿದ," ಅಂದರು ಕೊನೆಗೆ.

ಆಕೆ ಸೌಟನ್ನು ಕೆಳಗಿಟ್ಟರು. ಸುಳ್ಳು ಹೇಳಲು ಹೋಗಲಿಲ್ಲ. "ಬೋರ್ಡಿನ ಕೆಲಸ ಹೋದಾಗ ನೀವು ಗೋಡೆ ನೋಡ್ಕೊಂಡು ಕೂತಿದ್ರಿ. ನಾನು ದಿನಾ ಬಾಗಿಲಲ್ಲಿ ನಿಂತು ನಿಮ್ಮ ಬೆನ್ನು ನೋಡಿದೀನಿ. ಅದನ್ನ ಇನ್ನೊಂದ್ಸಲ ನೋಡೋ ಶಕ್ತಿ ನನಗಿಲ್ಲ. ನೀವೇ ಆರಿಸ್ಕೊಂಡ ಹಾಗಿದ್ರೆ ಅಷ್ಟು ನೋವಾಗಲ್ಲ ಅಂದ್ಕೊಂಡೆ."

"ಆಗ ಕೆಲಸ ಹೋಗಿತ್ತು, ಅಷ್ಟೆ. ಹೋಯ್ತು ಅಂತ ನನಗೂ ಗೊತ್ತಿತ್ತು. ನನ್ನ ಯಾರೂ ಆಟ ಆಡಿಸಿರ್ಲಿಲ್ಲ."

"ರೀ, ಆಯ್ತು, ಮೊಟ್ಟೆ ಮಾಡ್ತೀನಿ. ಈಗ್ಲೇ ಮಾಡ್ತೀನಿ."

"ಬೇಡ. ಮಾಡಿರೋದನ್ನೇ ಹಾಕು. ಇನ್ನು ಮೇಲೆ ಕೇಳ್ಬೇಡ."

ಭಾವ ಒಂದು ವಾರದ ನಂತರ ಕಚೇರಿಗೆ ಹೋಗಿ ಹಳೆಯ ಸೈಟನ್ನು ತಮ್ಮ ಕೈಯಾರೆ ಮುಚ್ಚಿ ಬಂದರು. ಆಮೇಲೆ ಅಲ್ಲಿಂದ ಯಾರೂ ಕರೆದಿಲ್ಲ. ಗೋಡೆಗೆ ಮುಖ ಮಾಡಿ ಕೂರಲಿಲ್ಲ, ಹೆಂಡತಿ ಹೆದರಿದ್ದು ಆಗಲಿಲ್ಲ. ರಸ್ತೆಯ ಕಡೆ ಮುಖ ಮಾಡಿ ಕೂರುತ್ತಾರೆ, ಪೇಪರು ಓದುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ಸಂಜೆಯಾದರೆ ಆಕೆ ಅಡುಗೆಮನೆಯ ಬಾಗಿಲವರೆಗೆ ಬಂದು, ಬಾಯಿ ತೆರೆದು, ನೆನಪಾಗಿ ಒಳಗೆ ಹೋಗುತ್ತಾರೆ. ಏನು ಮಾಡಿದ್ದಾರೋ ಅದನ್ನು ತಂದು ಬಡಿಸುತ್ತಾರೆ. ಭಾವ ತಟ್ಟೆಯಲ್ಲಿ ಏನಿದೆ ಎಂದು ನೋಡದೆ ಊಟ ಮಾಡಿ ಏಳುತ್ತಾರೆ.